ಹೆಸರು ಇರಲಾ, ತೆಗೆಯಲಾ? ಊರವರು ಕೂತು ಮಾತಾಡುವ ಮುಂಚೆ ನೋಡಬೇಕಾದ್ದು

ಹೋದ ಬೇಸಿಗೆಯಲ್ಲಿ ನಮ್ಮೂರ ಶಾಲೆಯ ಕಮಾನಿಗೆ ಹೊಸ ಬಣ್ಣ ಹೊಡೆಸಿದೆವು. ಹಳೇ ಅಕ್ಷರವೆಲ್ಲ ಬಣ್ಣದ ಕೆಳಗೆ ಹೋಯಿತು. ಪೇಂಟರ್ ಏಣಿ ಮೇಲೆ ನಿಂತು, ಬ್ರಷ್ ಅದ್ದಿಕೊಂಡು, 'ಮೊದಲಿನ ಹೆಸ್ರೇ ಬರೀಲಾ?' ಅಂತ ಕೇಳಿದ. ಕೆಳಗೆ ಏಳೆಂಟು ಜನ ಇದ್ದೆವು. ಯಾರೂ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆ ಹೆಸರು ಶಾಲೆಗೆ ಜಾಗ ಕೊಟ್ಟ ಜಮೀನ್ದಾರರದ್ದು. ಅವರು ಕೊಡದೇ ಹೋಗಿದ್ದರೆ ನಮ್ಮ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಿ ಪಕ್ಕದೂರಿಗೆ ಹೋಗಬೇಕಿತ್ತು. ಅದೇ ಜಮೀನ್ದಾರರು ಗೇಣಿ ಬಾಕಿ ಅಂತ ಮೂರು ಮನೆಯವರನ್ನು ಆಷಾಢದ ಮಳೆಯಲ್ಲಿ ಒಕ್ಕಲೆಬ್ಬಿಸಿದ್ದರು. ಆ ಮೂರರಲ್ಲಿ ಒಂದು ಮನೆಯ ಹುಡುಗಿ ಈಗ ನಮ್ಮೂರ ಅತಿ ಹಿರಿಯ ಅಜ್ಜಿ. ಅವರು ಸಭೆಗೆ ಬಂದು ಹೆಡ್‌ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: 'ಆ ಜಾಗದಲ್ಲೇ ನನ್ನ ಮೊಮ್ಮಗಳು ಓದಿದ್ದು ಮೇಷ್ಟ್ರೇ. ಆ ಪುಣ್ಯ ಅವ್ರಿಗಿರ್ಲಿ. ಆದ್ರೆ ಆಗಸ್ಟ್ ಹದಿನೈದಕ್ಕೆ ಆ ಹೆಸರಿನ ಕೆಳಗೆ ನಿಂತು ಕೈ ಮುಗಿ ಅಂದ್ರೆ ನಂಗಾಗಲ್ಲ.'

ನಾನು ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಊರವರ ಸಮಿತಿಯಲ್ಲಿದ್ದೇನೆ. ಆಮೇಲೆ ಮೂರು ಸಭೆ ಆದವು. ಈ ಪ್ರಶ್ನೆ ನಮ್ಮೂರಿನದ್ದು ಮಾತ್ರ ಅಲ್ಲ. ಒಂದು ರಸ್ತೆ, ಒಂದು ಸಮುದಾಯ ಭವನ, ಒಂದು ಸರ್ಕಲ್ ಇರೋ ಕಡೆಯೆಲ್ಲ ಇವತ್ತಲ್ಲ ನಾಳೆ ಬರುತ್ತದೆ. ಆಗ ನಿಮ್ಮ ಮುಂದೆ ಏನೇನು ದಾರಿ ಇದೆ, ಯಾವುದು ಎಲ್ಲಿ ಹೊಂದುತ್ತೆ, ಎಲ್ಲಿ ಕೈಕೊಡುತ್ತೆ ಅಂತ ನನಗೆ ತಿಳಿದಷ್ಟು ಬರೆದಿದ್ದೇನೆ.

ಮೊದಲು: ನೀವು ಕೊಡ್ತಿರೋ ಗೌರವ ಯಾವ ಬಗೆಯದ್ದು?

ಸಭೆಗಳಲ್ಲಿ ಜಗಳ ಹತ್ತುವುದು ಹೆಚ್ಚಾಗಿ ಇಲ್ಲೇ. ಒಬ್ಬರು 'ಇತಿಹಾಸ ಅಳಿಸ್ತೀರಾ?' ಅಂತಾರೆ. ಇನ್ನೊಬ್ಬರು 'ಪೂಜೆ ಮಾಡ್ತೀರಾ?' ಅಂತಾರೆ. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡ್ತಿರುತ್ತಾರೆ.

ನಮ್ಮ ತೋಟದ ದಾರಿಯಲ್ಲಿ ಒಂದು ಮಾಸ್ತಿಕಲ್ಲು ಇದೆ. ಮಲೆನಾಡಿನಲ್ಲಿ ಎಷ್ಟೋ ಊರಲ್ಲಿ ಇವೆ. ಕಲ್ಲಿನ ಕಂಬದಿಂದ ಒಂದು ತೋಳು ಹೊರಗೆ ಬಂದು, ಮೊಣಕೈಯಲ್ಲಿ ಮಡಚಿ ಮೇಲಕ್ಕೆ ಎದ್ದಿದೆ. ತೋಳಿನ ತುಂಬ ಬಳೆ. ಹಾವಸೆ ಕಟ್ಟಿ ಕೈ ಹಸಿರಾಗಿದೆ, ಬಳೆಯ ಸಾಲು ಮಾತ್ರ ಬೆರಳಿಗೆ ಇನ್ನೂ ಸಿಗುತ್ತದೆ. ಗಂಡನ ಚಿತೆಯಲ್ಲಿ ಬೆಂದ ಯಾವುದೋ ಹೆಣ್ಣುಮಗಳ ಕೈ ಅದು. ನಮ್ಮಮ್ಮ ಹಬ್ಬದ ದಿನ ಅದಕ್ಕೆ ಕುಂಕುಮ ಇಡುತ್ತಿದ್ದರು. ನನ್ನ ಮಗಳು ಇಡಲ್ಲ. ಆದರೆ ಯಾರೋ ಆ ಕಲ್ಲನ್ನು ಕಿತ್ತು ಬಚ್ಚಲಿಗೆ ಹಾಸಲು ಹೊರಟಾಗ ಹೋಗಿ ಅಡ್ಡ ನಿಂತವಳು ಅವಳೇ.

ಅಲ್ಲಿದೆ ನೋಡಿ ವ್ಯತ್ಯಾಸ. ಉಳಿಸಿಕೊಳ್ಳುವುದು ಬೇರೆ, ಕೈ ಮುಗಿಯುವುದು ಬೇರೆ. ಕಾನೂನೂ ಹೀಗೇ ನೋಡುತ್ತೆ. 1987ರ ಸತಿ ತಡೆ ಕಾಯ್ದೆಯ ಪ್ರಕಾರ ಸತಿಯನ್ನು ವೈಭವೀಕರಿಸುವುದು ಅಪರಾಧ. ಹಾಗಂತ ಶತಮಾನಗಳ ಹಿಂದಿನ ಮಾಸ್ತಿಕಲ್ಲುಗಳನ್ನು ಯಾರೂ ಒಡೆದಿಲ್ಲ. ಶಿವಮೊಗ್ಗದಲ್ಲಿ ತುಂಗೆಯ ದಡದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಂಗೆ ಹೋದರೆ ವೀರಗಲ್ಲಿನ ಜೊತೆ ಅವೂ ಇವೆ.

ಹಾಗಾಗಿ ಸಭೆ ಶುರುವಾದ ಕೂಡಲೇ ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ. ನಮ್ಮ ಮುಂದಿರೋದು ಒಂದು ಹಳೇ ಗುರುತಾ, ಒಂದು ಹೆಸರಾ, ಒಂದು ಪ್ರತಿಮೆಯಾ, ಅಥವಾ ವರ್ಷವರ್ಷವೂ ಮಾಡೋ ಜಯಂತಿಯಾ? ಹಳೇ ಕಲ್ಲು ಯಾರಿಂದಲೂ ಏನೂ ಕೇಳಲ್ಲ. ಜಯಂತಿ ಹಾಗಲ್ಲ, ಎಲ್ಲರೂ ಬಂದು ಹೂ ಹಾಕಿ ಅಂತ ಕೇಳುತ್ತೆ. ಕೇಳೋದು ಜಾಸ್ತಿಯಾದಷ್ಟೂ ಒಪ್ಪಿಗೆಯೂ ಜಾಸ್ತಿ ಜನರದ್ದು ಬೇಕು.

ಇದ್ದ ಹಾಗೇ ಬಿಡುವುದು

ಸುಲಭದ ದಾರಿ. ಖರ್ಚಿಲ್ಲ, ಗಲಾಟೆ ಇಲ್ಲ. ಕೆಲವು ಕಡೆ ಇದೇ ಸರಿ ಕೂಡ.

ಭದ್ರಾವತಿ ತಗೊಳ್ಳಿ. ಉಕ್ಕಿನ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿದೆ. 1923ರಲ್ಲಿ ಅಲ್ಲಿ ಕಬ್ಬಿಣ ಹೊರಬಂದ ಮೇಲೆ ಆ ಊರು ಊರಾಯಿತು, ಸಾವಿರಾರು ಮನೆಯ ಒಲೆ ಉರಿಯಿತು. ಆದರೆ ಅದೇ ವಿಶ್ವೇಶ್ವರಯ್ಯನವರು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಲು ಮಿಲ್ಲರ್ ಸಮಿತಿ ಮಾಡಿದಾಗ, ಒಪ್ಪದೆ ದಿವಾನಗಿರಿ ಬಿಟ್ಟರು. ಕೆಲಸ ಯೋಗ್ಯತೆ ನೋಡಿ ಮಾತ್ರ ಕೊಡಬೇಕು ಅನ್ನೋದು ಅವರ ನಿಲುವು. ಆ ಸಮಿತಿಯ ವರದಿಯಿಂದ ಓದು, ನೌಕರಿಯ ಬಾಗಿಲು ತೆರೆದ ಮನೆಗಳೂ ಭದ್ರಾವತಿಯಲ್ಲೇ ಇವೆ. ಕಾರ್ಖಾನೆಯ ಹೆಸರು ತೆಗೀಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಗೌರವ ಕೊಟ್ಟಿರೋದು ಅವರು ಕಟ್ಟಿದ್ದಕ್ಕೆ, ಕಟ್ಟಿದ್ದು ಕಣ್ಣೆದುರಿಗಿದೆ. ಆದರೆ ಸೆಪ್ಟೆಂಬರ್ 15ಕ್ಕೆ ಶಾಲೆಯಲ್ಲಿ ಭಾಷಣ ಮಾಡುವ ಮೇಷ್ಟ್ರು ಮಿಲ್ಲರ್ ಸಮಿತಿಯ ಮಾತನ್ನೂ ಹೇಳಬೇಕು. ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ.

ಈಸೂರಿನದ್ದು ಇನ್ನೂ ಸೂಕ್ಷ್ಮ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಮಾತು ಕೇಳಿದರೆ ನಮಗೆ ಈಗಲೂ ಮೈ ಜುಂ ಅನ್ನುತ್ತೆ. 1942ರಲ್ಲಿ ಆ ಶಿಕಾರಿಪುರದ ಹಳ್ಳಿ ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರು ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. ಹುತಾತ್ಮರ ಸ್ಮಾರಕ ಅಲ್ಲಿ ಇರಲೇಬೇಕು. ಆದರೆ ಸತ್ತ ಆ ಇಬ್ಬರು ನೌಕರರೂ ಕನ್ನಡದವರೇ, ಅವರಿಗೂ ಮನೆಮಠ ಇತ್ತು. ಅದನ್ನು ಹೇಳಿದರೆ ಐವರ ತ್ಯಾಗ ಸಣ್ಣದಾಗಲ್ಲ. ಆ ದಿನ ಎಷ್ಟು ಭಯಂಕರವಾಗಿತ್ತು ಅಂತ ಗೊತ್ತಾಗುತ್ತೆ ಅಷ್ಟೇ.

ಇದ್ದ ಹಾಗೇ ಬಿಡಬಾರದ್ದು ಯಾವಾಗ? ಆ ಹೆಸರಿನಿಂದ ನೊಂದವರು ಅದರ ಕೆಳಗೇ ದಿನಾ ಓಡಾಡಬೇಕಾದಾಗ. ನಮ್ಮ ಅಜ್ಜಿಯ ಹಾಗೆ. ಎಪ್ಪತ್ತು ವರ್ಷ ಯಾರೂ ಅವರನ್ನು ಕೇಳಲಿಲ್ಲ. ಅವರು ಸುಮ್ನಿದ್ದದ್ದನ್ನೇ ಒಪ್ಪಿಗೆ ಅಂದುಕೊಂಡಿದ್ದೆವು.

ಹೆಸರು ಬದಲಾಯಿಸುವುದು

ಹೆಸರು ಬದಲಾಯಿಸಿದರೆ ಆಕಾಶ ಬೀಳುತ್ತೆ ಅನ್ನೋರಿಗೆ ನಮ್ಮ ಜಿಲ್ಲೆಯೇ ಉತ್ತರ. 2014ರ ನವೆಂಬರ್ 1ಕ್ಕೆ ಸರ್ಕಾರಿ ಕಾಗದದಲ್ಲಿ 'ಶಿಮೊಗ' ಹೋಗಿ 'ಶಿವಮೊಗ್ಗ' ಬಂತು. ನಾವು ಬಾಯಲ್ಲಿ ಮೊದಲಿಂದಲೂ ಹಾಗೇ ಅನ್ನುತ್ತಿದ್ದೆವು, ಅಭ್ಯಾಸ ಆಗೋಕೆ ಏನೂ ಇರಲಿಲ್ಲ. ಜೋಗದ ವಿದ್ಯುದಾಗಾರ ಕೃಷ್ಣರಾಜೇಂದ್ರರ ಹೆಸರಲ್ಲಿ ಶುರುವಾಗಿದ್ದು 1949ರಲ್ಲಿ ಮಹಾತ್ಮ ಗಾಂಧಿಯವರ ಹೆಸರಿಗೆ ಬಂತು. ಎರಡೂ ದೊಡ್ಡ ಹೆಸರೇ. ಶರಾವತಿ ಕಣಿವೆಯಲ್ಲಿ ಮನೆ, ಗದ್ದೆ, ದೇವಸ್ಥಾನ ಮುಳುಗಿಸಿಕೊಂಡು ಎದ್ದುಹೋದವರ ಹೆಸರು ಯಾವುದಕ್ಕೂ ಬರಲಿಲ್ಲ ಅನ್ನೋದು ನನ್ನ ಮನಸ್ಸಲ್ಲಿ ಉಳಿದ ನೋವು.

ನಮ್ಮ ಜಿಲ್ಲೆಯಲ್ಲೇ 'ನಗರ' ಅಂತ ಒಂದು ಊರಿದೆ, ಅದರ ಕಥೆ ಕೇಳಿ. ಅದು ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್‌ನಗರ ಅಂತ ಕರೆದ. ಕಾಲ ಕಳೆದಂತೆ ಜನರ ಬಾಯಲ್ಲಿ 'ಹೈದರ್' ಸವೆದು ಬರೀ 'ನಗರ' ಉಳಿಯಿತು. ಗೆದ್ದವನ ಹೆಸರೂ ಹೋಯಿತು, ಸೋತವರ ಹೆಸರೂ ಬರಲಿಲ್ಲ. ಇವತ್ತು ಆ ಕೋಟೆ ನೋಡಲು ಬಂದ ಹುಡುಗರಿಗೆ ಈ ಊರಿಗೆ ಸುಮ್ನೆ ನಗರ ಅಂತ ಯಾಕಂತಾರೆ ಅನ್ನೋದೇ ಗೊತ್ತಿರಲ್ಲ. ಹೆಸರು ಬದಲಿಸುವುದರಲ್ಲಿ ಇರೋ ನಷ್ಟ ಇದು. ಹೆಸರಿನ ಜೊತೆ ಅದರ ಕಥೆಯೂ ಜಾರಿಬಿಡುತ್ತೆ.

ಶಾಲೆ ಅಥವಾ ಊರಿನ ಹೆಸರು ಬದಲಾಯಿಸುವ ಮುಂಚೆ ಕಾಗದದ ಕೆಲಸವನ್ನೂ ನೆನಪಿಡಿ. ಟಿಸಿ, ಅಂಕಪಟ್ಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಹಳೇ ಹೆಸರಿರುತ್ತೆ. ಹಳೇ ವಿದ್ಯಾರ್ಥಿ ನೌಕರಿಗೆ ಹೋದಾಗ 'ಈ ಶಾಲೆ ಎಲ್ಲಿದೆ?' ಅಂತ ಕೇಳಿಸಿಕೊಳ್ಳಬೇಕಾಗುತ್ತೆ. ಒಂದು ರಂಗಮಂದಿರದ್ದೋ ಅಡ್ಡರಸ್ತೆಯದ್ದೋ ಆದರೆ ಇಷ್ಟು ತಾಪತ್ರಯ ಇಲ್ಲ.

ಹೊಸದಕ್ಕೆ ಹೆಸರಿಡುವಾಗಲೇ ಯೋಚಿಸಿದರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಮೊದಲು ಯಡಿಯೂರಪ್ಪನವರ ಹೆಸರಿಡುವ ಮಾತು ಬಂದಾಗ ಅವರೇ ಬೇಡ ಅಂದರು. 2023ರ ಫೆಬ್ರವರಿಯಲ್ಲಿ ಅದು ಕುವೆಂಪು ಹೆಸರಲ್ಲಿ ತೆರೆಯಿತು. ಪಕ್ಷ ಯಾವುದೇ ಇರಲಿ, ಬದುಕಿರುವವರ ಹೆಸರು ಬೇಡ ಅನ್ನೋದನ್ನು ಪ್ರತಿ ಪಂಚಾಯಿತಿಯೂ ನಿಯಮ ಮಾಡಿಕೊಂಡರೆ ಒಳ್ಳೇದು ಅಂತ ನನ್ನ ಅಭಿಪ್ರಾಯ. ಬದುಕಿನ ಲೆಕ್ಕ ಪೂರ್ತಿ ಆಗುವವರೆಗೆ ಕಾಯೋಣ.

ಬೇರೆ ಕಡೆ ಇಡುವುದು

ಪ್ರತಿಮೆಗೆ ಮಾತ್ರ ಹೊಂದುವ ದಾರಿ ಇದು. ಬೆಂಗಳೂರಲ್ಲಿ ಹೈಕೋರ್ಟ್ ಮುಂದಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕ್ ಒಳಗೆ ಸಾಗಿಸಿದರು. ಈ ಕಬ್ಬನ್‌ಗೂ ನಮಗೂ ನಂಟಿದೆ. 1830ರಲ್ಲಿ ಕಂದಾಯದ ಕಾಟ ತಾಳದೆ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವನು ಕಬ್ಬನ್. ರಸ್ತೆ ಹಾಕಿಸಿದ, ನಿಜ. ಆದರೆ ಅವನು ಆ ಕುರ್ಚಿಗೆ ಬರುವ ಹಾಗಾದದ್ದು ಮಲೆನಾಡಿನ ರೈತರು ರಕ್ತ ಸುರಿಸಿದ್ದರಿಂದ. ಜಾಗ ಬದಲಾದಾಗ ಈ ಕಥೆ ಹೇಳಬಹುದಿತ್ತು. ಸುಮ್ಮನೆ ಎತ್ತಿ ಇನ್ನೊಂದು ಕಡೆ ಇಟ್ಟರೆ ಏನೂ ತಿಳಿಯುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದದ್ದು ಬೇರೆ. ಎಡ್ವರ್ಡ್ ಕೋಲ್‌ಸ್ಟನ್ ಗುಲಾಮರ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಆ ದುಡ್ಡಲ್ಲಿ ಊರಿಗೆ ದಾನಧರ್ಮ ಮಾಡಿದ. ಊರು 1895ರಲ್ಲಿ ಪ್ರತಿಮೆ ನಿಲ್ಲಿಸಿತು. ಗುಲಾಮರ ವಿಷಯವನ್ನೂ ಬರೆದ ಫಲಕ ಹಾಕೋಣ ಅಂತ ಹೊರಟರು. ಯಾವ ಪದ ಹಾಕಬೇಕು ಅಂತ ಎಳೆದಾಡಿ ಎಳೆದಾಡಿ ಫಲಕ ಬರಲೇ ಇಲ್ಲ. 2020ರ ಜೂನ್ 7ಕ್ಕೆ ಜನ ಪ್ರತಿಮೆಗೆ ಹಗ್ಗ ಹಾಕಿ ಎಳೆದು ಬಂದರಿನ ನೀರಿಗೆ ತಳ್ಳಿದರು. ಈಗ ಅದು ಆ ಊರಿನ ಮ್ಯೂಸಿಯಂನಲ್ಲಿ, ಮೈಮೇಲೆ ಬಳಿದ ಬಣ್ಣದ ಸಮೇತ, ಮಲಗಿದ ಭಂಗಿಯಲ್ಲಿದೆ. ನಿಲ್ಲಿಸಿದ್ದು, ಕೆಡವಿದ್ದು ಎರಡೂ ಒಂದೇ ಕಡೆ ಕಾಣುತ್ತೆ. ಆದರೆ ಆ ಫಲಕ ಸಮಯಕ್ಕೆ ಬಂದಿದ್ದರೆ ಅನ್ನೋ ಮಾತು ನನ್ನ ತಲೆಯಿಂದ ಹೋಗಿಲ್ಲ.

ಎರಡು ಎಚ್ಚರಿಕೆ. ಹೊಸ ಪ್ರತಿಮೆ ಬೇಕು ಅಂತ ಹಟ ಹಿಡಿದವರಿಗೆ ಹೇಳಿ: ಸಾರ್ವಜನಿಕ ರಸ್ತೆ, ಫುಟ್‌ಪಾತ್‌ನಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶ ಮಾಡಿದೆ. ಹಾಗೇ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲನ್ನು, ಶಾಸನವನ್ನು ನೀವಾಗಿ ಅಲ್ಲಾಡಿಸಬೇಡಿ.

ಇನ್ನೊಬ್ಬರನ್ನು ಪಕ್ಕದಲ್ಲಿ ತರುವುದು, ಮತ್ತೆ ಜಯಂತಿ

'ಅವರದ್ದು ಇದೆಯಲ್ಲ, ಇವರದ್ದೂ ಇರಲಿ' ಅನ್ನೋದು ನ್ಯಾಯವಾಗಿ ಕೇಳಿಸುತ್ತೆ. ಜಮೀನ್ದಾರರ ಹೆಸರಿನ ಪಕ್ಕ ಗೇಣಿದಾರರ ಹೆಸರು ಬಂದರೆ ಚೆನ್ನ. 1951ರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು. ಗೇಣಿ ಅಳೆಯುವ ಕೊಳಗದ ಜಗಳದಿಂದ ಎದ್ದ ಹೋರಾಟ ಅದು. ಆ ನೆನಪಿಗೆ ನಾವು ಕೊಟ್ಟ ಜಾಗ ಕಮ್ಮಿಯೇ. ಆದರೆ ಪಕ್ಕದಲ್ಲಿ ತರುವುದು ಎದುರಿಗೆ ತರುವುದಾಗಿಬಿಟ್ಟರೆ ಕಷ್ಟ. 2022ರ ಆಗಸ್ಟ್ 15ಕ್ಕೆ ಶಿವಮೊಗ್ಗದ ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ಸಾವರ್ಕರ್ ಫ್ಲೆಕ್ಸ್, ಟಿಪ್ಪು ಫ್ಲೆಕ್ಸ್ ಅಂತ ಗಲಾಟೆ ಆಯಿತು. ಒಬ್ಬ ಯುವಕನಿಗೆ ಚಾಕು ಬಿತ್ತು. ಊರಿಗೆ ನಿಷೇಧಾಜ್ಞೆ ಬಂತು, ಅಂಗಡಿ ಬಾಗಿಲು ಹಾಕಿದವು. ಸ್ವಾತಂತ್ರ್ಯದ ದಿನ ನಮ್ಮ ಊರು ಹಾಗಿತ್ತು. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ಫ್ಲೆಕ್ಸ್‌ಗೆ ಸಭೆ ಬೇಡ, ಓದು ಬೇಡ, ಒಪ್ಪಿಗೆ ಬೇಡ. ಹಾಗಾಗಿ ನನ್ನ ಮಟ್ಟಿಗೆ ಫ್ಲೆಕ್ಸ್ ಒಂದು ಆಯ್ಕೆಯೇ ಅಲ್ಲ.

ಟಿಪ್ಪು ವಿಷಯದಲ್ಲಿ ಮಲೆನಾಡಿನವರಿಗೆ ಹತ್ತಿರದ ಸಾಕ್ಷಿಯಿದೆ. 1791ರಲ್ಲಿ ಮರಾಠರ ಕಡೆಯ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ನೆರವು ಕಳಿಸಿದ. ಅವನು ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇದು ಒಂದು ಕಡೆ. ಕೊಡಗಿನವರನ್ನು, ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಇನ್ನೊಂದು ಕಡೆ. ಶೃಂಗೇರಿಯ ಪತ್ರ ತೋರಿಸಿ ಕೊಡಗಿನವರ ಬಾಯಿ ಮುಚ್ಚಿಸಲು ಆಗಲ್ಲ. ಕೊಡಗನ್ನು ತೋರಿಸಿ ಪತ್ರ ಸುಳ್ಳು ಅನ್ನೋದಕ್ಕೂ ಆಗಲ್ಲ. ಸರ್ಕಾರ 2015ರಲ್ಲಿ ಜಯಂತಿ ಶುರು ಮಾಡಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಸಾವಾಯಿತು. 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಾಡಿದ್ದರಿಂದಲೂ ನಿಲ್ಲಿಸಿದ್ದರಿಂದಲೂ ಯಾರಿಗೂ ಒಂದು ಪತ್ರ ಓದಿಸಿದ ಹಾಗಾಗಲಿಲ್ಲ. ವಿವಾದ ಇರುವ ಯಾರದ್ದೇ ಆಗಲಿ, ಸರ್ಕಾರಿ ಜಯಂತಿಗಿಂತ ಶಾಲೆಯಲ್ಲಿ ಒಂದು ಗಂಟೆ ಎರಡೂ ಕಡೆಯ ಕಾಗದ ಇಟ್ಟುಕೊಂಡು ಓದುವುದು ಮೇಲು.

ಪೂರ್ತಿ ಕಥೆ ಹೇಳುವ ಬೋರ್ಡು

ಎಲ್ಲಕ್ಕಿಂತ ಅಗ್ಗ ಇದೇ, ಎಲ್ಲಕ್ಕಿಂತ ಕಷ್ಟವೂ ಇದೇ. ಬ್ರಿಸ್ಟಲ್‌ನವರು ಸೋತದ್ದು ಇಲ್ಲೇ.

ನಾನು ಇದನ್ನೇ ಅಳತೆಗೋಲು ಅಂತ ಇಟ್ಟುಕೊಂಡಿದ್ದೇನೆ. ಒಬ್ಬರ ಹೆಸರು ಉಳಿಯಬೇಕು ಅನ್ನುವವರನ್ನು ಕೇಳಿ: 'ಅವರು ಮಾಡಿದ ತಪ್ಪನ್ನೂ ಅದರ ಕೆಳಗೆ ಬರೆಯಲು ಒಪ್ತೀರಾ?' ಒಪ್ಪಿದರೆ ಹೆಸರು ಉಳಿಯಲಿ. ತೆಗೀಬೇಕು ಅನ್ನುವವರನ್ನೂ ಕೇಳಿ: 'ಅವರು ಮಾಡಿದ ಒಳ್ಳೇದನ್ನೂ ಬರೆಯಲು ಬಿಡ್ತೀರಾ?' ಎರಡು ಕಡೆಯೂ ಹೂಂ ಅಂದರೆ ಹೆಸರನ್ನು ಪೂರ್ತಿ ಅಳಿಸುವ ಕೆಲಸವೇ ಬೇಡ, ಎಲ್ಲಿ ಬರೆಯೋದು ಅಂತ ಮಾತ್ರ ನೋಡಿದರೆ ಸಾಕು. ಹೆಸರು ಬೇಕು, ಪೂರ್ತಿ ಕಥೆ ಬೇಡ ಅಂತ ಪಟ್ಟು ಹಿಡಿದರೆ ಮಾತ್ರ ಬದಲಾವಣೆಯನ್ನೋ ಮ್ಯೂಸಿಯಂ ಅನ್ನೋ ಯೋಚಿಸಿ.

ಬರೆಯುವಾಗ ಗುಣವಾಚಕ ಬೇಡ. 'ಮಹಾದಾನಿ', 'ಕ್ರೂರಿ' ಅನ್ನೋ ಪದ ಬಂದ ಕೂಡಲೇ ಜಗಳ. ಯಾರು, ಯಾವಾಗ, ಏನು ಮಾಡಿದರು ಅಂತ ಮಾತ್ರ ಬರೆಯಿರಿ. ನೊಂದ ಮನೆಯವರಿಗೂ ಹೆಸರಿನ ಮನೆಯವರಿಗೂ ಕರಡನ್ನು ಮೊದಲು ಓದಿ ಹೇಳಿ, ಸಭೆಯಲ್ಲಿ ಅಲ್ಲ, ಅವರವರ ಜಗಲಿಯಲ್ಲಿ ಕೂತು.

ನಾವು ಹಾಗೇ ಮಾಡಿದೆವು. ಜಮೀನ್ದಾರರ ಮೊಮ್ಮಗ ಬೆಂಗಳೂರಿಂದ ಬಂದಿದ್ದರು. 'ಒಕ್ಕಲೆಬ್ಬಿಸಿದರು' ಅನ್ನೋ ಪದ ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ 'ಇದು ನಿಜ ಅಂತ ನಮ್ಮ ತಂದೆಯೂ ಹೇಳ್ತಿದ್ರು, ಇರ್ಲಿ' ಅಂದರು. ಅಜ್ಜಿ ಒಂದೇ ತಿದ್ದುಪಡಿ ಕೇಳಿದರು. ನಾವು 'ಮಳೆಗಾಲದಲ್ಲಿ' ಅಂತ ಬರೆದಿದ್ದೆವು. 'ಮಳೆಗಾಲ ಅಂದ್ರೆ ನಾಕು ತಿಂಗ್ಳು. ಆಷಾಢ ಅಂತ ಬರೀರಿ, ನಂಗೆ ಗೊತ್ತು' ಅಂದರು.

ಕಮಾನಿನ ಮೇಲೆ ಈಗ ಶಾಲೆಯ ಮತ್ತು ಊರಿನ ಹೆಸರು ಮಾತ್ರ ಇದೆ. ಒಳಗೆ, ಮಕ್ಕಳು ಕೈ ತೊಳೆಯುವ ನಲ್ಲಿಯ ಪಕ್ಕದ ಗೋಡೆಗೆ, ಕಪ್ಪು ಕಲ್ಲು ಕೂರಿಸಿದ್ದೇವೆ. ಮೊದಲಲ್ಲಿ ಜಮೀನ್ದಾರರ ಹೆಸರಿದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಉಳಿದದ್ದು ಹೀಗಿದೆ:

'ಈ ಶಾಲೆಯ ಜಾಗವನ್ನು ಊರಿನ ಮಕ್ಕಳಿಗಾಗಿ ಕೊಟ್ಟರು. ಗೇಣಿ ಬಾಕಿಗಾಗಿ ಆಷಾಢದಲ್ಲಿ ಮೂರು ಮನೆಯವರನ್ನು ಒಕ್ಕಲೆಬ್ಬಿಸಿದರು. ಆ ಮನೆಗಳ ಮಕ್ಕಳೂ ಮೊಮ್ಮಕ್ಕಳೂ ಈ ಶಾಲೆಯಲ್ಲಿ ಓದಿದ್ದಾರೆ.'